ಮೊಬೈಲ್ ಮೊದಲೋ, ಕಂಪ್ಯೂಟರ್ ಮೊದಲೋ?

ಮಕ್ಕಳೇ, ಮನೆಯವರ ಮೊಬೈಲಿನಲ್ಲಿ ಒಂದು ಜಾಲತಾಣವನ್ನು ತೆರೆದಾಗ ಅಕ್ಷರಗಳು ಸಾಸಿವೆ ಕಾಳಿಗಿಂತ ಚಿಕ್ಕದಾಗಿ ಕಂಡದ್ದುಂಟೇ? ಎರಡು ಬೆರಳುಗಳಿಂದ ಹಿಗ್ಗಿಸಿದರೆ ಅಕ್ಷರ ದೊಡ್ಡದಾಗುತ್ತದೆ. ಆದರೆ ಸಾಲಿನ ಕೊನೆ ಪರದೆಯಿಂದ ಆಚೆ ಹೋಗಿಬಿಡುತ್ತದೆ!

ಇದು ಬರೀ ಕಿರಿಕಿರಿಯ ವಿಷಯವಲ್ಲ. ನನಗೆ ಗೊತ್ತಿರುವ ಏಳನೆಯ ತರಗತಿಯ ಹುಡುಗಿಯೊಬ್ಬಳು ಒಂದು ಪರೀಕ್ಷೆಗೆ ಅರ್ಜಿ ಹಾಕಬೇಕೆಂದಿದ್ದಳು. ಅವಳ ತಂದೆ ಮೊಬೈಲಿನಲ್ಲೇ ಜಾಲತಾಣವನ್ನು ನೋಡಿದರು. ವಿವರಗಳೆಲ್ಲ ಸಿಕ್ಕಿದವು. ಆದರೆ ಕೊನೆಯ ದಿನಾಂಕ ಪುಟದ ಬಲತುದಿಯ ಅಂಕಣದಲ್ಲಿತ್ತು. ನನ್ನ ಕಂಪ್ಯೂಟರಿನಲ್ಲಿ ಅದು ಎದ್ದು ಕಾಣುತ್ತಿತ್ತು. ಮೊಬೈಲಿನಲ್ಲಿ ಪುಟವನ್ನು ಪಕ್ಕಕ್ಕೆ ಸರಿಸಿದವರಿಗೆ ಮಾತ್ರ ಕಾಣುತ್ತಿತ್ತು. ಅವರು ಸರಿಸಲಿಲ್ಲ. ಅರ್ಜಿ ಎರಡು ದಿನ ತಡವಾಯಿತು. ತಪ್ಪು ತಂದೆಯದೋ, ಪುಟ ರಚಿಸಿದವರದೋ? ರಚಿಸಿದವರದೇ ಎಂದು ನಾನು ಹೇಳುತ್ತೇನೆ. ಏಕೆಂದು ನೋಡೋಣ ಬನ್ನಿ.

ಜಗತ್ತಿನ ಮೊದಲ ಜಾಲತಾಣವನ್ನು ರಚಿಸಿದವರು ಟಿಮ್ ಬರ್ನರ್ಸ್ ಲೀ. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಅವರು ಕೆಲಸ ಮಾಡುತ್ತಿದ್ದರು. 1991ರಲ್ಲಿ ಅದು ಹೊರಜಗತ್ತಿಗೆ ತೆರೆದುಕೊಂಡಿತು. ಅದರಲ್ಲಿ ಚಿತ್ರವಿರಲಿಲ್ಲ, ಅಂಕಣವಿರಲಿಲ್ಲ, ಇದ್ದದ್ದು ಬರೀ ಬರಹ. ದ್ರವಕ್ಕೆ ನಿರ್ದಿಷ್ಟ ಆಕಾರವಿಲ್ಲ, ಪಾತ್ರೆಯ ಆಕಾರವೇ ಅದರ ಆಕಾರ ಎಂದು ನೀವು ಓದಿದ್ದೀರಲ್ಲವೇ? ಬರಹವೂ ಹಾಗೆಯೇ. ಪರದೆ ಕಿರಿದಾದರೆ ಸಾಲು ಮುರಿದು ಕೆಳಗಿಳಿಯುತ್ತದೆ, ಏನೂ ಕಳೆದುಹೋಗುವುದಿಲ್ಲ.

ಮುಂದೆ ಕಂಪ್ಯೂಟರ್ ಪರದೆಗಳು ಅಗಲವಾದವು. ಪರದೆಯ ಮೇಲಿನ ಒಂದೊಂದು ಬಣ್ಣದ ಚುಕ್ಕಿಗೂ ಪಿಕ್ಸೆಲ್ ಎನ್ನುತ್ತಾರೆ. 2000ರ ದಶಕದಲ್ಲಿ 1024 ಪಿಕ್ಸೆಲ್ ಅಗಲದ ಪರದೆಗಳು ಸಾಮಾನ್ಯವಾದಾಗ, ಅನೇಕ ವಿನ್ಯಾಸಕಾರರು ಪುಟದ ಅಗಲ 960 ಪಿಕ್ಸೆಲ್ ಎಂದು ಗೆರೆ ಎಳೆದುಬಿಟ್ಟರು. ದ್ರವ ಘನವಾಯಿತು! 2007ರಲ್ಲಿ ಐಫೋನ್ ಬಂತು. ಅದರ ಪರದೆಯ ಅಗಲ ಕೇವಲ 320 ಪಿಕ್ಸೆಲ್. ಅದರ ಬ್ರೌಸರ್ ಏನು ಮಾಡಿತು ಗೊತ್ತೇ? ಸಾಮಾನ್ಯವಾಗಿ ಪುಟದ ಅಗಲ 980 ಪಿಕ್ಸೆಲ್ ಎಂದುಕೊಂಡು, ಇಡೀ ಪುಟವನ್ನು ಕುಗ್ಗಿಸಿ 320ರೊಳಗೆ ಕೂರಿಸಿತು.

ಈಗ ಲೆಕ್ಕ ಹಾಕಿ. 980 ಚುಕ್ಕಿಗಳು 320 ಆದರೆ, 16 ಚುಕ್ಕಿ ಎತ್ತರದ ಅಕ್ಷರ ಎಷ್ಟಾಗುತ್ತದೆ? ಸುಮಾರು 5. ಚೌಕಳಿ ಹಾಳೆಯಲ್ಲಿ ಐದೇ ಮನೆಗಳ ಎತ್ತರದೊಳಗೆ, ಮನೆಗಳನ್ನು ಪೂರ್ತಿ ತುಂಬುತ್ತಾ ‘ರಾಷ್ಟ್ರ’ ಎಂದು ಬರೆಯಲು ಯತ್ನಿಸಿ. ಒತ್ತಕ್ಷರಗಳಿಗೆ ಜಾಗ ಸಿಕ್ಕಿತೇ?

2009ರಲ್ಲಿ ಲ್ಯೂಕ್ ರೊಬ್ಲೆವ್ಸ್ಕಿ ಎಂಬ ಅಮೆರಿಕದ ವಿನ್ಯಾಸಕಾರರು ‘ಮೊಬೈಲ್ ಮೊದಲು’ ಎಂದು ವಾದಿಸಿದರು. ಮೊದಲು ಚಿಕ್ಕ ಪರದೆಗೆ ಪುಟ ರಚಿಸಿ, ನಂತರ ದೊಡ್ಡದಕ್ಕೆ ಬೆಳೆಸಿ ಎಂಬುದು ಅವರ ಮಾತು. ಮರುವರ್ಷವೇ ಈಥನ್ ಮಾರ್ಕಾಟ್ ಎಂಬುವರು, ಒಂದೇ ಪುಟ ಪರದೆಯ ಅಗಲಕ್ಕೆ ತಕ್ಕಂತೆ ತನ್ನ ಜೋಡಣೆಯನ್ನು ಬದಲಿಸಿಕೊಳ್ಳುವ ವಿಧಾನವನ್ನು ವಿವರಿಸಿದರು. ಹೀಗೆ ಬದಲಿಸಲು ಬ್ರೌಸರಿಗೆ ನಿಯಮ ಬರೆದುಕೊಡಬೇಕು. ಕಂಪ್ಯೂಟರಿನಿಂದ ಆರಂಭಿಸಿದವರ ನಿಯಮ ಹೀಗಿರುತ್ತದೆ: “ಮೂರು ಅಂಕಣ ಮಾಡು. ಅಗಲ 600 ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ ಅಂಕಣಗಳನ್ನು ರದ್ದು ಮಾಡು.” ಮೊಬೈಲಿನಿಂದ ಆರಂಭಿಸಿದವರದು: “ಒಂದರ ಕೆಳಗೊಂದು ಜೋಡಿಸು. ಅಗಲ 600 ಅಥವಾ ಹೆಚ್ಚಿದ್ದರೆ ಅಂಕಣ ಮಾಡು.” ಮೊದಲನೆಯದರಲ್ಲಿ ಕಟ್ಟಿ ಕೆಡವುವ ಕೆಲಸ. ಕೆಡವಲು ಮರೆತರೆ ಆ ಹುಡುಗಿಯ ದಿನಾಂಕದಂತೆ ಏನೋ ಒಂದು ಆಚೆ ಉಳಿಯುತ್ತದೆ. ಎರಡನೆಯದರಲ್ಲಿ ಮರೆತರೂ ಮೊಬೈಲಿನವರಿಗೆ ನಷ್ಟವಿಲ್ಲ.

ಇನ್ನೊಂದು ಮೋಸವಿದೆ. 2000 × 1500 ಪಿಕ್ಸೆಲ್‌ಗಳ ಚಿತ್ರದಲ್ಲಿ 30 ಲಕ್ಷ ಚುಕ್ಕಿಗಳು. ಮೊಬೈಲಿಗೆ 500 × 375 ಸಾಕು ಎಂದಿಟ್ಟುಕೊಳ್ಳಿ. ಅದರಲ್ಲಿರುವುದು 1,87,500. ಹದಿನಾರನೆಯ ಒಂದು ಭಾಗ! ದೊಡ್ಡ ಚಿತ್ರವನ್ನೇ ಕುಗ್ಗಿಸಿ ತೋರಿಸಿದರೆ ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ, ಆದರೆ ಇಳಿದು ಬರುವುದು ಪೂರ್ತಿ 30 ಲಕ್ಷ ಚುಕ್ಕಿಗಳ ಚಿತ್ರವೇ. ನೆಟ್‌ವರ್ಕ್ ಸರಿಯಾಗಿ ಸಿಗದ ಊರಿನವರಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು.

ಹಾಗಾದರೆ ಕಂಪ್ಯೂಟರಿನಿಂದ ಆರಂಭಿಸುವುದು ಯಾವಾಗಲೂ ತಪ್ಪೇ? ಇಲ್ಲ. ನಲವತ್ತು ಮಕ್ಕಳ ಆರು ವಿಷಯಗಳ ಅಂಕಗಳನ್ನು ತುಂಬುವ ಪುಟವನ್ನು ಯೋಚಿಸಿ. ಹೆಸರಿನ ಎದುರಿಗೇ ಆರೂ ಅಂಕಗಳು ಕಾಣಬೇಕು, ಇಲ್ಲದಿದ್ದರೆ ಒಬ್ಬರ ಅಂಕ ಇನ್ನೊಬ್ಬರಿಗೆ ಬಿದ್ದೀತು! ಆ ಕೆಲಸವನ್ನು ಶಿಕ್ಷಕರು ಕಂಪ್ಯೂಟರಿನ ಮುಂದೆ ಕುಳಿತು ಮಾಡುವುದಾದರೆ ದೊಡ್ಡ ಪರದೆಯೇ ಮೊದಲಾಗಲಿ. ಅದೇ ಅಂಕಗಳನ್ನು ತಂದೆತಾಯಿ ನೋಡುವ ಪುಟಕ್ಕೆ ಮೊಬೈಲ್ ಮೊದಲು. ಯಾರು, ಯಾವುದರಲ್ಲಿ, ಏನು ಮಾಡಲು ತೆರೆಯುತ್ತಾರೆ ಎಂದು ಕೇಳಿಕೊಂಡೇ ನಿರ್ಧರಿಸಬೇಕು.

ಮಾಡಿ ನೋಡಿ

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಂದು ಪ್ರಕಟಣೆ ತಯಾರಿಸಿ. ಒಂದು ಗುಂಪು ಮೊದಲು ಡ್ರಾಯಿಂಗ್ ಹಾಳೆಯಲ್ಲಿ ಬರೆದು, ನಂತರ ಅದನ್ನು ಪೋಸ್ಟ್ ಕಾರ್ಡಿನಷ್ಟು ದೊಡ್ಡ ರಟ್ಟಿಗೆ ಇಳಿಸಲಿ. ಇನ್ನೊಂದು ಗುಂಪು ರಟ್ಟಿನಿಂದ ಆರಂಭಿಸಿ ಡ್ರಾಯಿಂಗ್ ಹಾಳೆಗೆ ಹೋಗಲಿ. ಈಗ ಎರಡೂ ರಟ್ಟುಗಳನ್ನು ಬೇರೆ ತರಗತಿಯವರಿಗೆ ಐದೈದು ಸೆಕೆಂಡು ತೋರಿಸಿ, “ಯಾವ ದಿನ? ಎಲ್ಲಿ?” ಎಂದು ಕೇಳಿ. ಸರಿಯುತ್ತರ ಎಷ್ಟು ಬಂತೆಂದು ಬರೆದಿಡಿ. ಒಬ್ಬರಿಗೇ ಎರಡೂ ರಟ್ಟುಗಳನ್ನು ತೋರಿಸಬೇಡಿ. ಏಕೆ? ಯೋಚಿಸಿ ಹೇಳಿ.