ವಿತರಿತ ದತ್ತಾಂಶ ಸಮೂಹ: ಆರೋಗ್ಯ ತಪಾಸಣೆ ಮತ್ತು ಭಾರ ಹಂಚಿಕೆ

ಬಿಲ್ಲು, ದಾಸ್ತಾನು, ಬಾಕಿ ಲೆಕ್ಕಗಳೆಲ್ಲವೂ ಒಂದೇ ಸರ್ವರ್‌ನಲ್ಲಿದ್ದರೆ ಆ ಯಂತ್ರ ಕೆಟ್ಟ ದಿನ ವ್ಯವಹಾರವೇ ಸ್ಥಗಿತಗೊಳ್ಳುತ್ತದೆ. ಈ ಅಪಾಯವನ್ನು ನಿವಾರಿಸಲು ದತ್ತಾಂಶವನ್ನು ಹಲವು ಸರ್ವರ್‌ಗಳಲ್ಲಿ ಹಂಚಿಡುವ ವ್ಯವಸ್ಥೆಯೇ ವಿತರಿತ ದತ್ತಾಂಶ ಸಮೂಹ, ಅಂದರೆ ಕ್ಲಸ್ಟರ್. ಅದರ ಪ್ರತಿ ಯಂತ್ರಕ್ಕೂ ನೋಡ್ ಎಂದು ಹೆಸರು. ಫೇಸ್‌ಬುಕ್ ಸಂಸ್ಥೆಯಲ್ಲಿ ರೂಪುಗೊಂಡು 2008ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾದ ಕಸ್ಸಾಂಡ್ರಾ ಇದಕ್ಕೊಂದು ಉತ್ತಮ ನಿದರ್ಶನ.

ನೋಡ್‌ಗಳ ಆರೋಗ್ಯ

ಕಸ್ಸಾಂಡ್ರಾದಲ್ಲಿ ಯಜಮಾನ ಯಂತ್ರವೆಂಬುದಿಲ್ಲ. ಪ್ರತಿ ನೋಡ್ ಸೆಕೆಂಡಿಗೊಮ್ಮೆ ಕೆಲವು ಸಹ ನೋಡ್‌ಗಳೊಡನೆ ತನ್ನ ಹಾಗೂ ಇತರರ ಸ್ಥಿತಿಗತಿಯನ್ನು ವಿನಿಮಯ ಮಾಡಿಕೊಳ್ಳುತ್ತದೆ. ಒಂದರಿಂದ ಸುದ್ದಿ ಬರುವುದು ವಾಡಿಕೆಗಿಂತ ಬಹಳ ತಡವಾದರೆ ಉಳಿದವು ಅದು ನಿಂತಿದೆಯೆಂದು ಪರಿಗಣಿಸುತ್ತವೆ. ‘ನೋಡ್‌ಟೂಲ್ ಸ್ಟೇಟಸ್’ ಎಂಬ ಆದೇಶದಿಂದ ಈ ಪಟ್ಟಿಯನ್ನು ಪಡೆಯಬಹುದು. ‘ಯುಎನ್’ ಎಂದರೆ ಸುಸ್ಥಿತಿ; ‘ಡಿಎನ್’ ಎಂದರೆ ನೋಡ್ ಸ್ಥಗಿತ. ಅಲ್ಲಿನ ‘ಲೋಡ್’ ಅಂಕಣವು ಕೆಲಸದ ಒತ್ತಡವನ್ನಲ್ಲ, ಡಿಸ್ಕ್‌ನಲ್ಲಿರುವ ದತ್ತಾಂಶದ ಪ್ರಮಾಣವನ್ನು ಸೂಚಿಸುತ್ತದೆ ಎಂಬುದನ್ನು ಮರೆಯಬಾರದು.

ಪ್ರತಿ ದಾಖಲೆಗೆ 3 ಪ್ರತಿಗಳಿದ್ದು, 2 ಪ್ರತಿಗಳ ಒಪ್ಪಿಗೆ ಸಾಕೆಂದು ನಿಗದಿಪಡಿಸಿದ್ದರೆ, ಒಂದು ನೋಡ್ ನಿಂತರೂ ವ್ಯಾಪಾರ ನಿಲ್ಲದು. ಅಪಾಯವಿರುವುದೂ ಇಲ್ಲಿಯೇ: ಕೆಲಸ ಸಾಗುತ್ತಿರುವುದರಿಂದ ಯಾರೂ ಗಮನಿಸುವುದಿಲ್ಲ. ನಿಂತ ನೋಡ್‌ಗೆ ತಲುಪಬೇಕಾದ ಬರಹಗಳನ್ನು ಇತರ ನೋಡ್‌ಗಳು ಸಾಮಾನ್ಯ ನಿಗದಿಯಂತೆ 3 ಗಂಟೆ ಮಾತ್ರ ಕಾದಿರಿಸುತ್ತವೆ. ಆ ಅವಧಿ ಮೀರಿದರೆ ‘ರಿಪೇರ್’ ಪ್ರಕ್ರಿಯೆಯ ಮೂಲಕ ಪ್ರತಿಗಳನ್ನು ಸರಿಹೊಂದಿಸಬೇಕು. ಅಳಿಸಿದ ದಾಖಲೆಯ ಗುರುತು ಸಾಮಾನ್ಯವಾಗಿ 10 ದಿನ ಉಳಿಯುತ್ತದೆ; ಅಷ್ಟರೊಳಗೆ ರಿಪೇರ್ ನಡೆಯದಿದ್ದಲ್ಲಿ, ಅಳಿಸಿಹಾಕಿದ ಬೇಡಿಕೆಯೊಂದು ಮತ್ತೆ ಕಾಣಿಸಿಕೊಂಡು ದಾಸ್ತಾನು ಲೆಕ್ಕವನ್ನು ಕೆಡಿಸಬಹುದು.

ಭಾರ ಹಂಚಿಕೆ

ಮೂರು ನೋಡ್‌ಗಳು ತಲಾ ಶೇ. 70ರಷ್ಟು ಸಾಮರ್ಥ್ಯದಲ್ಲಿ ದುಡಿಯುತ್ತಿವೆಯೆಂದು ಭಾವಿಸೋಣ. ಒಂದು ನಿಂತು ಅದರ ಕೆಲಸ ಪೂರ್ತಿಯಾಗಿ ಉಳಿದವುಗಳ ಮೇಲೆ ಬಿದ್ದರೆ, ಎರಡೂ ತಲಾ ಶೇ. 105 ಹೊರಬೇಕು, ಅದು ಅಸಾಧ್ಯ. ತಲಾ ಶೇ. 60 ಇದ್ದಿದ್ದರೆ ಹೊರೆ ಶೇ. 90ಕ್ಕೆ ನಿಲ್ಲುತ್ತಿತ್ತು. ಬಿಡುವಾಗಿ ಕಾಣುವ ಈ ಸಾಮರ್ಥ್ಯ ದುಂದುವೆಚ್ಚವಲ್ಲ, ಅದು ವಿಮೆ.

ಯಾವ ದಾಖಲೆ ಯಾವ ನೋಡ್‌ಗೆ ಸೇರಬೇಕೆಂಬುದನ್ನು ವಿಭಜನಾ ಕೀಲಿ ನಿರ್ಧರಿಸುತ್ತದೆ. ದಿನಾಂಕವೊಂದನ್ನೇ ಕೀಲಿಯಾಗಿಸಿದರೆ ಅಂದಿನ ಸಮಸ್ತ ಬಿಲ್ಲುಗಳೂ ಅವೇ ಕೆಲವು ನೋಡ್‌ಗಳಿಗೆ ಹೋಗಿ, ಉಳಿದವು ಕೈಕಟ್ಟಿ ಕೂರುತ್ತವೆ. ಮಳಿಗೆಯ ಸಂಖ್ಯೆ ಹಾಗೂ ದಿನಾಂಕ ಎರಡನ್ನೂ ಸೇರಿಸಿದರೆ ಭಾರ ಹರಡುತ್ತದೆ. ಕೀಲಿಯೇ ತಪ್ಪಿದ್ದಲ್ಲಿ ಹೊಸ ಯಂತ್ರ ಕೊಂಡರೂ ಪ್ರಯೋಜನವಾಗದು.

ಉದ್ಯಮಿಗಳು ಗಮನಿಸಬೇಕಾದುದು

ನಿರ್ವಹಣಾ ಗುತ್ತಿಗೆದಾರರನ್ನು ಪ್ರತಿ ವಾರ ನಾಲ್ಕು ಪ್ರಶ್ನೆ ಕೇಳುವುದು ಒಳಿತು: ಯಾವುದಾದರೂ ನೋಡ್ ನಿಂತಿತ್ತೇ, ಎಷ್ಟು ಹೊತ್ತು? ಕಡೆಯ ರಿಪೇರ್ ಎಂದು ಮುಗಿಯಿತು? ಪ್ರತಿ ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ? ಒಂದು ನೋಡ್ ನಿಂತರೆ ಉಳಿದವು ಹಬ್ಬದ ದಿನದ ವಹಿವಾಟನ್ನು ತಾಳಬಲ್ಲವೇ? ಕೊನೆಯ ಪ್ರಶ್ನೆಗೆ ಉತ್ತರವನ್ನು ಹಬ್ಬಕ್ಕೆ ಮೊದಲೇ, ಪರೀಕ್ಷಿಸಿ ಪಡೆಯತಕ್ಕದ್ದು.