ಬಾಕಿ ದುಡ್ಡು ಆರ್‌ಸಿ ಬಂದ ಮೇಲೆ

ಬೆಳಗಿನ ಜಾವ ಮಾಲೂರಿನಿಂದ ಬೆಂಗಳೂರಿನ ಕಡೆಗೆ ಹೋಗುವ ಯಾವ ರಸ್ತೆಯಲ್ಲಿ ನಿಂತರೂ ವ್ಯಾನುಗಳು ಒಂದರ ಹಿಂದೊಂದು ಹೋಗುತ್ತಿರುತ್ತವೆ. ಹೂವಿನ ಮೂಟೆ, ಸೊಪ್ಪಿನ ಕಟ್ಟು, ಟೊಮೆಟೊ ಕ್ರೇಟು, ಅಡುಗೆ ಕಂಟ್ರಾಕ್ಟರ ಪಾತ್ರೆ ಪಡಗ, ಕೈಗಾರಿಕಾ ಪ್ರದೇಶದ ಮೊದಲ ಶಿಫ್ಟಿಗೆ ಹೊರಟ ಹುಡುಗರು. ಈ ಗಾಡಿಗಳಲ್ಲಿ ಶೋರೂಮಿನಿಂದ ನೇರವಾಗಿ ನಮ್ಮೂರಿಗೆ ಬಂದವು ಕಡಿಮೆ. ಬೆಂಗಳೂರಿನಲ್ಲೋ ಹೊಸೂರಿನಲ್ಲೋ ಇನ್ನೊಬ್ಬರ ಕೈಯಲ್ಲಿ ಓಡಿ, ಡೀಲರ್ ಅಂಗಳದಲ್ಲಿ ಪಾಲಿಶ್ ಹಾಕಿಸಿಕೊಂಡು ಬಂದವೇ ಹೆಚ್ಚು. ಓಮ್ನಿ ತಯಾರಿಕೆ 2019ರಲ್ಲೇ ನಿಂತುಹೋಯಿತು. ಈಗ ಓಮ್ನಿ ಬೇಕೆಂದರೆ ಸೆಕೆಂಡ್ ಹ್ಯಾಂಡೇ ಗತಿ. ಈಕೋ, ಟಾಟಾ ಏಸ್ ಹೊಸದು ಸಿಗುತ್ತವೆ, ಆದರೆ ಹೂವು ಮಾರಿ ಬದುಕುವವನಿಗೆ ಅದರ ಬೆಲೆ ಎಟುಕುವುದಿಲ್ಲ.

ಈ ಗಾಡಿಗೆ ಹಾಕುವ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ನನಗೆ ಗೊತ್ತು. ಚೀಟಿ ಎತ್ತಿದ್ದು, ಒಡವೆ ಅಡವಿಟ್ಟದ್ದು, ಹಸು ಮಾರಿದ್ದು. ಆದ್ದರಿಂದ ಈ ಅಂಕಣದಲ್ಲಿ ಒಂದೇ ಮಾತನ್ನು ಬಿಡದೆ ಹೇಳುತ್ತೇನೆ: ಡೀಲರ್ ಮುಂದೆ ಕೊಳ್ಳುವವನಿಗಿರುವ ಬಲ ಒಂದೇ, ಅದು ಇನ್ನೂ ಕೊಡದೆ ಇಟ್ಟುಕೊಂಡ ದುಡ್ಡು. ಆರ್‌ಸಿಯಲ್ಲಿ ನಮ್ಮ ಹೆಸರು ಬರುವ ತನಕ ಬೆಲೆಯ ಒಂದು ಭಾಗ ನಮ್ಮ ಕೈಯಲ್ಲೇ ಇರಬೇಕು.

ನನ್ನ ತಮ್ಮ ಸೇವಂತಿ, ಸೊಪ್ಪು ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗಲು ಸರಕಿನ ಈಕೋ ಹುಡುಕುತ್ತಿದ್ದಾಗ ಜೊತೆಗೆ ನಾನೂ ಹೋಗಿದ್ದೆ, ನಮ್ಮೂರ ಮೆಕ್ಯಾನಿಕ್ ಕೂಡ ಬಂದಿದ್ದ. ಮೊದಲು ನೋಡಿದ ಗಾಡಿ ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು. ಟೈರಿಗೂ ಕಪ್ಪು ಬಳಿದಿದ್ದರು. ಮೆಕ್ಯಾನಿಕ್ ಬಣ್ಣದ ಕಡೆ ಕಣ್ಣೂ ಹಾಯಿಸಲಿಲ್ಲ. ಈಕೋ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಸೀಟೆತ್ತಿ ಕೈಯಿಟ್ಟ. ಬಿಸಿ ಇತ್ತು. ನಾವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದರು. ತಣ್ಣಗಿರುವ ಇಂಜಿನ್ ಮೊದಲ ಸಲಕ್ಕೆ ಹೇಗೆ ಎದ್ದೇಳುತ್ತದೆ, ಹೊಗೆ ಯಾವ ಬಣ್ಣದ್ದು ಎಂದು ನೋಡುವ ಅವಕಾಶ ಅಲ್ಲಿಗೆ ಹೋಯಿತು. ಆಮೇಲೆ ಹಿಂದೆ ಹಾಸಿದ್ದ ಹೊಸ ಮ್ಯಾಟನ್ನು ಮೂಲೆಯಿಂದ ಸುಲಿದು, ಸ್ಕ್ರೂಡ್ರೈವರ್ ತುದಿಯಿಂದ ತಗಡನ್ನು ಒತ್ತಿದ. ತುದಿ ಹಪ್ಪಳ ಮುರಿದಂತೆ ಒಳಗೆ ಇಳಿದು, ಕೆಳಗಿನ ನೆಲ ಕಾಣಿಸಿತು. ನೀರು ಚಿಮುಕಿಸಿದ ಹೂವಿನ ಮೂಟೆಗಳನ್ನು ವರ್ಷಗಟ್ಟಲೆ ಹೊತ್ತ ಗಾಡಿಯ ತಳ ಹೀಗೇ ಆಗುತ್ತದೆ. ನಮ್ಮ ಸೀಮೆಯಲ್ಲಿ ವ್ಯಾನ್ ಕೊಳ್ಳುವವರು ಕಿಲೋಮೀಟರ್ ಮೀಟರಿಗಿಂತ ಮೊದಲು ನೋಡಬೇಕಾದ ಜಾಗ ಇದು. ಮೀಟರನ್ನು ತಿರುಗಿಸಿಡಬಹುದು, ತುಕ್ಕನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ.

ಇನ್ನೊಂದು ಅಂಗಳದಲ್ಲಿ ಸಿಕ್ಕ ಗಾಡಿ ಗಟ್ಟಿಯಾಗಿತ್ತು. ಬೆಲೆ 3,55,000ಕ್ಕೆ ಕುದುರಿತು. ನಿಜವಾದ ವ್ಯವಹಾರ ಅಲ್ಲಿಂದ ಶುರುವಾಯಿತು.

ಡೀಲರ್ ಎಲ್ಲರಿಗೂ ಹೇಳುವಂತೆ ನಮಗೂ ಹೇಳಿದರು: "ಪೇಪರ್ಸ್ ಎಲ್ಲಾ ಕ್ಲಿಯರ್ ಅಣ್ಣಾ, ದುಡ್ಡು ಕಟ್ಟಿ ಗಾಡಿ ತಗೊಂಡೋಗಿ. ಆರ್‌ಸಿ ಮನೆಗೇ ಬರುತ್ತೆ." ಹೆಸರು ವರ್ಗಾವಣೆಗೆ ಬೇಕಾದ ಫಾರಂ 29 ಮತ್ತು 30, ಹಳೆ ಮಾಲೀಕರ ಸಹಿ ಮಾತ್ರ ಇದ್ದ ಖಾಲಿ ಫಾರಂಗಳು, ಅವರ ಡ್ರಾಯರಿನಲ್ಲಿದ್ದವು. ಈ ಖಾಲಿ ಫಾರಂಗಳೇ ನಮ್ಮ ಕಡೆಯ ಅರ್ಧ ತಕರಾರುಗಳ ಬೇರು ಎಂದು ನಾನು ನಂಬಿದ್ದೇನೆ. ಗಾಡಿ ಕೈಯಿಂದ ಕೈಗೆ ಹೋಗುತ್ತದೆ, ದಾಖಲೆಯಲ್ಲಿ ಮಾತ್ರ ಮೊದಲಿನವರೇ ಮಾಲೀಕರಾಗಿ ಉಳಿಯುತ್ತಾರೆ. ಕಾನೂನಿನ ಕಣ್ಣಿಗೆ ಕಾಣುವುದು ಆ ದಾಖಲೆಯೇ. 2007ರಲ್ಲಿ ಮಾರಿದ ಗಾಡಿಯೊಂದು ಹಲವು ಕೈ ದಾಟಿ 2009ರಲ್ಲಿ ಅಪಘಾತ ಮಾಡಿದಾಗ, ಹೆಸರು ವರ್ಗಾವಣೆ ಆಗಿರದ ಕಾರಣ ಪರಿಹಾರದ ಹೊಣೆ ಮೊದಲ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹಳೆ ಗಾಡಿಯನ್ನು ಡೀಲರಿಗೆ ಬಿಟ್ಟು ಬರುವವರೂ ಇದನ್ನು ನೆನಪಿನಲ್ಲಿಡಬೇಕು.

ಇದಕ್ಕೆಂದೇ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂದು 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಹಳೆ ಗಾಡಿ ಮಾರುವ ಡೀಲರ್ ಆರ್‌ಟಿಒದಿಂದ ಫಾರಂ 29ಬಿ ಎಂಬ ಅಧಿಕಾರ ಪತ್ರ ಪಡೆದಿರಬೇಕು. ಮಾಲೀಕರು ಗಾಡಿಯನ್ನು ಡೀಲರಿಗೆ ಒಪ್ಪಿಸಿದ್ದನ್ನು ಫಾರಂ 29ಸಿ ಮೂಲಕ ಆನ್‌ಲೈನಿನಲ್ಲಿ ತಿಳಿಸಬೇಕು. ಹಾಗೆ ತಿಳಿಸಿದ ಮೇಲೆ ಗಾಡಿಯ ಹೊಣೆ ಡೀಲರದು. ಆದ್ದರಿಂದ ಅಂಗಳಕ್ಕೆ ಕಾಲಿಟ್ಟವರು ಮೊದಲು ಕೇಳಬೇಕಾದ ಪ್ರಶ್ನೆ ಮೈಲೇಜಿನದಲ್ಲ, "29ಬಿ ಇದೆಯಾ ಸಾರ್, ತೋರಿಸಿ" ಎಂಬುದು. ಇಲ್ಲ ಎಂದರೆ ಆತ ಬ್ರೋಕರ್ ಎಂದೇ ತಿಳಿದು, ದುಡ್ಡನ್ನು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರ ಖಾತೆಗೇ ಹಾಕುವುದು ಮೇಲು.

ತಮ್ಮನ ಗಾಡಿಯ ನಂಬರನ್ನು ಅಲ್ಲೇ ನಿಂತು ಪರಿವಾಹನ್ ಜಾಲತಾಣದಲ್ಲಿ ನೋಡಿದೆವು. ಎಷ್ಟನೇ ಓನರ್, ವಿಮೆ ಯಾವಾಗ ಮುಗಿಯುತ್ತದೆ, ಎಫ್‌ಸಿ ಎಲ್ಲಿಯ ತನಕ, ಎಲ್ಲವೂ ಅಲ್ಲಿರುತ್ತದೆ. ಅದರಲ್ಲಿ ಗಾಡಿಯ ಮೇಲೆ ಸಾಲ ಕೊಟ್ಟ ಫೈನಾನ್ಸ್ ಕಂಪನಿಯೊಂದರ ಹೆಸರು, ಅಂದರೆ ಎಚ್‌ಪಿ, ಇನ್ನೂ ನಿಂತಿತ್ತು. "ಸಾಲ ತೀರಿದೆ, ಎಚ್‌ಪಿ ಕ್ಯಾನ್ಸಲ್ ಮಾಡಿಸೋದೊಂದೇ ಬಾಕಿ" ಎಂದರು ಡೀಲರ್. ಸಾಲ ತೀರಿದ್ದರೆ ಫೈನಾನ್ಸಿನವರು ಫಾರಂ 35ಕ್ಕೆ ಸಹಿ ಹಾಕಿ ಎನ್‌ಒಸಿ ಕೊಟ್ಟಿರಬೇಕು. ಅದು ಕೈಗೆ ಬರುವ ತನಕ ಟೋಕನ್ ಅಡ್ವಾನ್ಸ್ ಬಿಟ್ಟು ಬೇರೇನೂ ಕೊಡುವುದಿಲ್ಲ ಎಂದು ತಮ್ಮ ಹೇಳಿದ. ಡೀಲರಿಗೆ ಬೇಸರವಾಯಿತು, ಆದರೂ ಕಾಗದ ಬಂತು.

ಬಂದ ಮೇಲೆ ಛಾಪಾ ಕಾಗದದಲ್ಲಿ ಒಂದು ಕರಾರು ಬರೆಸಿದೆವು. ಗಾಡಿ ಕೊಟ್ಟ ತಾರೀಖು ಮತ್ತು ಗಂಟೆ, ಅಲ್ಲಿಯ ತನಕದ ದಂಡ, ತೆರಿಗೆ ಎಲ್ಲ ಮಾರುವವರದು, ಚಾಸಿ ನಂಬರ್, ಇಂಜಿನ್ ನಂಬರ್. ಕೊನೆಯ ಸಾಲಿನಲ್ಲಿ: ಉಳಿದ 30,000 ರೂಪಾಯಿ ಹೊಸ ಆರ್‌ಸಿ ಕೊಟ್ಟ ದಿನ. ಆ 30,000 ಇಲ್ಲದಿದ್ದರೆ ಕೋಲಾರದ ಆರ್‌ಟಿಒ ಕಚೇರಿಗೆ ಓಡಾಡುವ ಕೆಲಸ ತಮ್ಮನ ತಲೆಗೇ ಬೀಳುತ್ತಿತ್ತು. ಇದ್ದುದರಿಂದ ಡೀಲರೇ ಓಡಾಡಿದರು. ವಿಮೆಯನ್ನು ಮಾತ್ರ ತಮ್ಮ ತಾನೇ ಹೋಗಿ ವರ್ಗಾಯಿಸಿಕೊಂಡ. ಗಾಡಿ ಕೊಂಡ 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಎದುರಿನವರಿಗಾದ ಹಾನಿಯ ವಿಮೆ ಗಾಡಿಯೊಂದಿಗೇ ಬರುತ್ತದೆ, ಆದರೆ ಪಾಲಿಸಿಯಲ್ಲಿ ನಮ್ಮ ಹೆಸರಿಲ್ಲದೆ ನಮ್ಮ ಗಾಡಿಯ ಜಖಂಗೆ ಕ್ಲೇಮ್ ಕೇಳಿದರೆ ಕಂಪನಿ ಕೈ ಎತ್ತುತ್ತದೆ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ಅವರದೇ, ನಮಗೆ ಬರುವುದಿಲ್ಲ. ಇನ್ನೊಂದು ಮಾತು: ವೈಟ್ ಬೋರ್ಡ್ ಈಕೋ ಕೊಂಡು ಹಿಂದಿನ ಸೀಟು ಕಿತ್ತು ಸರಕು ಹೊಡೆಯುವವರು ನಮ್ಮಲ್ಲಿ ಬಹಳ. ಖಾಸಗಿ ಗಾಡಿಯ ಪಾಲಿಸಿ ಬಾಡಿಗೆ ಓಡಿಸುವುದನ್ನೂ ವ್ಯಾಪಾರದ ಸರಕು ಸಾಗಿಸುವುದನ್ನೂ ಒಪ್ಪುವುದಿಲ್ಲ. ಸರಕಿಗೆ ಯೆಲ್ಲೋ ಬೋರ್ಡೇ ಸರಿ.

ಹೊಸೂರಿನ ಟಿಎನ್ 70 ಗಾಡಿ ಅಗ್ಗ ಎಂದು ಆಸೆಪಡುವವರೂ ಇದ್ದಾರೆ. ಮಾಲೂರಿಗೆ ಹೊಸೂರು ಹತ್ತಿರವೇ, ಆದರೆ ರಾಜ್ಯ ಬೇರೆ. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತರಬೇಕು, ಇಲ್ಲಿ ಕರ್ನಾಟಕದ ತೆರಿಗೆ ಕಟ್ಟಬೇಕು, ಕೆಎ 07 ನಂಬರ್ ಪಡೆಯಬೇಕು. ಇದನ್ನೆಲ್ಲ ಬೆಲೆಗೆ ಸೇರಿಸಿದ ಮೇಲೆ ಅಗ್ಗವೋ ಅಲ್ಲವೋ ಎಂದು ನೋಡಬೇಕು.

ಸಾಲದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚು ದುಡ್ಡು ಸೋರುವುದು ಇಲ್ಲಿಯೇ. ಡೀಲರ್ ಮೇಜಿನ ಪಕ್ಕದಲ್ಲೇ ಕೂತ ಫೈನಾನ್ಸಿನ ಹುಡುಗ "10 ಪರ್ಸೆಂಟ್ ಅಷ್ಟೇ ಸಾರ್, ಫ್ಲಾಟ್" ಎನ್ನುತ್ತಾನೆ. 3 ಲಕ್ಷ, 3 ವರ್ಷ. ಬಡ್ಡಿ 90,000, ತಿಂಗಳ ಕಂತು 10,833 ರೂಪಾಯಿ. ಆದರೆ ನಾವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದರೂ ಆತ ಕೊನೆಯ ತನಕ ಪೂರ್ತಿ 3 ಲಕ್ಷಕ್ಕೇ ಬಡ್ಡಿ ಹಾಕಿರುತ್ತಾನೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದೇ ಕಂತು ವರ್ಷಕ್ಕೆ ಹತ್ತಿರ ಹತ್ತಿರ 18 ಪರ್ಸೆಂಟ್ ಆಗುತ್ತದೆ. ಬ್ಯಾಂಕು ಹೇಳುವ ದರ ಸಾಮಾನ್ಯವಾಗಿ ಇಳಿಯುವ ಅಸಲಿನದು. ಬ್ಯಾಂಕಿನ 14 ದುಬಾರಿ, ಫೈನಾನ್ಸಿನ 10 ಅಗ್ಗ ಎಂದುಕೊಂಡು ಸಹಿ ಹಾಕಿದವರನ್ನು ನಾನು ಬಲ್ಲೆ. ದರ ಕೇಳುವುದಕ್ಕಿಂತ "ಒಟ್ಟು ಎಷ್ಟು ಕಟ್ಟಬೇಕು" ಎಂದು ಕೇಳಿ, ಎರಡೂ ಕಡೆಯ ಮೊತ್ತವನ್ನು ಅಕ್ಕಪಕ್ಕ ಬರೆದು ನೋಡಿ.

ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ದೊಡ್ಡ ಮೊತ್ತ ಕಂಡರೂ ಸುಮ್ಮನಿರಬೇಡಿ. 2025ರ ಜನವರಿಯಿಂದ ಹಳೆ ಗಾಡಿಗೆ 18 ಪರ್ಸೆಂಟ್ ಇರುವುದು ನಿಜ, ಆದರೆ ಅದು ಡೀಲರಿಗೆ ಉಳಿಯುವ ಅಂತರದ ಮೇಲೆ. ಅವರು 3,00,000ಕ್ಕೆ ಕೊಂಡು 3,40,000ಕ್ಕೆ ಮಾರಿದರೆ ತೆರಿಗೆ 7,200, ಪೂರ್ತಿ ಬೆಲೆಯ ಮೇಲಿನ 61,200 ಅಲ್ಲ.

ನಮ್ಮ ಬೀದಿಯಲ್ಲೇ ಅಡುಗೆ ಕಂಟ್ರಾಕ್ಟ್ ಮಾಡುವ ಅಕ್ಕ ಒಬ್ಬರಿದ್ದಾರೆ. ಡೀಲರೊಬ್ಬರಿಂದ ಓಮ್ನಿ ಕೊಂಡು, ಮೊದಲ ದಿನವೇ ಪೂರ್ತಿ ದುಡ್ಡು ಕೊಟ್ಟಿದ್ದರು. ಆರ್‌ಸಿ ಇವತ್ತು, ನಾಳೆ ಎಂದು ಮುಂದಕ್ಕೆ ಹೋಗುತ್ತಿದ್ದಾಗಲೇ ದಾಖಲೆಯಲ್ಲಿದ್ದ ಹಳೆ ಮಾಲೀಕರು ತೀರಿಕೊಂಡರು. ಸತ್ತವರ ಸಹಿ ಇರುವ ಫಾರಂ ನಡೆಯುವುದಿಲ್ಲ. ಮೊದಲು ಅವರ ವಾರಸುದಾರರು ಫಾರಂ 31 ಹಾಕಿ ತಮ್ಮ ಹೆಸರಿಗೆ ಮಾಡಿಸಿಕೊಂಡು, ಆಮೇಲೆ ಅಕ್ಕನಿಗೆ ಬರೆದುಕೊಡಬೇಕು. ಡೀಲರ್ ಈಗ ಫೋನ್ ತೆಗೆಯುವುದಿಲ್ಲ. ಗಾಡಿಗೆ 15 ವರ್ಷ ತುಂಬಲು ಹೆಚ್ಚು ದಿನವಿಲ್ಲ. ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿದೆ, ಅದನ್ನು ಕಟ್ಟೋಣವೆಂದರೂ ಅರ್ಜಿ ಹಾಕಲು ಅವರ ಹೆಸರಿಲ್ಲ.

ಅವರಿಗೆ ನಾನು ಹೇಳಿದ್ದು ಇಷ್ಟು. ಕೋಲಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ತಕರಾರು ಹುಟ್ಟಿ 2 ವರ್ಷದೊಳಗೆ ದೂರು ಕೊಡಬೇಕು. ವ್ಯಾಪಾರಕ್ಕೆ ಕೊಂಡ ಗಾಡಿ ಎಂದು ಎದುರಿನವರು ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ದೂರಿನ ಜೊತೆ ಇಡಲು ಅವರ ಬಳಿ ಡೀಲರ್ ಬರೆದುಕೊಟ್ಟ ರಸೀದಿ ಇಲ್ಲ. ಆದರೆ ಅರ್ಧ ದುಡ್ಡು ಬ್ಯಾಂಕಿನಿಂದ ಹೋಗಿದೆ, ಆ ಸ್ಟೇಟ್‌ಮೆಂಟ್ ತೆಗೆಸಿದ್ದೇವೆ. ಆರ್‌ಸಿ ಬಗ್ಗೆ ಡೀಲರ್ ಕಳಿಸಿದ್ದ ವಾಟ್ಸಾಪ್ ಸಂದೇಶಗಳನ್ನು ಅವರ ಮಗಳು ಪ್ರಿಂಟ್ ಹಾಕಿಸಿದ್ದಾಳೆ. ಸೋಮವಾರ ಕೋಲಾರಕ್ಕೆ ಹೋಗುತ್ತೇವೆ.