ಸೊನ್ನೆ ಎಲ್ಲಿಟ್ಟೆ?

ಪ್ರಥಮ ಪಿಯುಸಿಯಲ್ಲಿ ಸರಳ ಸಂಗತ ಚಲನೆಯ ಪಾಠ ಬರುವ ಹೊತ್ತಿಗೆ ವರ್ಷ ಮುಗಿಯುತ್ತಾ ಬಂದಿರುತ್ತದೆ. ಪೋರ್ಷನ್ ಮುಗಿಸುವ ಅವಸರ ನಮಗೆ, ಪರೀಕ್ಷೆಯ ಚಿಂತೆ ಮಕ್ಕಳಿಗೆ. ಹಾಗಾಗಿ ಇಡೀ ಅಧ್ಯಾಯ ನೋಟ್‌ಬುಕ್ಕಿನಲ್ಲಿ ಸೂತ್ರಗಳ ಪಟ್ಟಿಯಾಗಿ ಕೂತುಬಿಡುತ್ತದೆ. ಲೋಲಕಕ್ಕೊಂದು, ಸ್ಪ್ರಿಂಗಿಗೊಂದು, ಯು ಆಕಾರದ ನಳಿಕೆಗೊಂದು, ನೀರಲ್ಲಿ ತೇಲುವ ಮರದ ತುಂಡಿಗೊಂದು. ಲೆಕ್ಕ ಕೊಟ್ಟ ಕೂಡಲೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: "ಸರ್, ಇದಕ್ಕೆ ಯಾವ ಫಾರ್ಮುಲಾ ಹಾಕ್ಬೇಕು?" ಇಷ್ಟು ವರ್ಷ ಪಾಠ ಮಾಡಿದ ಮೇಲೆ ನಾನು ಅದಕ್ಕೆ ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ತಿರುಗಿ ಕೇಳುತ್ತೇನೆ, "ಸೊನ್ನೆ ಎಲ್ಲಿಟ್ಟೆ?"

ಈ ಪ್ರಶ್ನೆ ನನಗೆ ಸಿಕ್ಕಿದ್ದು ಲ್ಯಾಬಿನಲ್ಲಿ. ಸರಳ ಲೋಲಕದ ಪ್ರಯೋಗ ವಿಜ್ಞಾನ ಓದಿದ ಎಲ್ಲರಿಗೂ ನೆನಪಿರುತ್ತದೆ. ಸೀಳಿದ ಬೆಂಡಿನ ನಡುವೆ ದಾರ, ತುದಿಯಲ್ಲಿ ಲೋಹದ ಗುಂಡು, ಕೈಯಲ್ಲಿ ಸ್ಟಾಪ್‌ವಾಚ್. 20 ಆಂದೋಲನ ಎಣಿಸಿ ಸಮಯ ಬರೆದುಕೊಳ್ಳಬೇಕು. ಒಂದು ಮೀಟರ್ ಉದ್ದದ ಲೋಲಕಕ್ಕೆ 40 ಸೆಕೆಂಡಿನ ಮೇಲೆ ಚೂರು ಬರಬೇಕು. ಪ್ರತಿ ಬ್ಯಾಚಿನಲ್ಲೂ ಯಾರಿಗಾದರೂ 38ರ ಮೇಲೆ ಚೂರು ಬರುತ್ತದೆ. ಲೆಕ್ಕ ಮಾಡಿದರೆ ಗುರುತ್ವ ವೇಗೋತ್ಕರ್ಷ, ಅಂದರೆ ನಮ್ಮ ಜಿ, 10.8! ದಾರದ ಉದ್ದ ಸರಿಯಿದೆ, ವಾಚ್ ಸರಿಯಿದೆ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡರೆ ಗುಟ್ಟು ಗೊತ್ತಾಗುತ್ತದೆ. ಗುಂಡು ನಡುಗೆರೆ ದಾಟುವಾಗ ವಾಚಿನ ಗುಂಡಿ ಒತ್ತುತ್ತಲೇ ಹುಡುಗ "ಒಂದು" ಅಂದಿರುತ್ತಾನೆ. ಅಲ್ಲಿ "ಸೊನ್ನೆ" ಅನ್ನಬೇಕು. ಸಾಲಾಗಿ ಇಪ್ಪತ್ತು ಗೂಟ ನೆಟ್ಟರೆ ನಡುವಿನ ಸಂದು ಹತ್ತೊಂಬತ್ತೇ ತಾನೆ, ಹಾಗೆ ಅವನು ಎಣಿಸಿದ್ದು ಹತ್ತೊಂಬತ್ತು ಆಂದೋಲನ. ಸಮಯದಲ್ಲಿ ಶೇ 5ರಷ್ಟು ತಪ್ಪಿದ್ದು ವರ್ಗವಾಗಿ ಜಿಯಲ್ಲಿ ಶೇ 10ನ್ನೂ ದಾಟುತ್ತದೆ. ಈಗೀಗ ರೆಕಾರ್ಡ್ ಪುಸ್ತಕದಲ್ಲಿ 10.8 ಕಂಡರೆ ಎಣಿಸಿದ್ದು ಹೇಗೆ ಅಂತ ಕೇಳಬೇಕಾಗಿಯೇ ಇಲ್ಲ.

ಇದೇ ಪ್ರಯೋಗದಲ್ಲಿ ಉದ್ದಕ್ಕೂ ಒಂದು ತಕರಾರಿದೆ. ಲೋಲಕದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯಬೇಕು, ಹಲವರು ದಾರ ಮುಗಿದಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಉದ್ದಕ್ಕೂ ಆವರ್ತ ಕಾಲದ ವರ್ಗಕ್ಕೂ ಗ್ರಾಫ್ ಎಳೆದರೆ ರೇಖೆ ಮೂಲಬಿಂದುವಿನಿಂದ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಅದರ ಓರೆ ಬದಲಾಗದು, ಜಿ ಸರಿಯಾಗಿಯೇ ಸಿಗುತ್ತದೆ. ಎಣಿಕೆಯ ತಪ್ಪು ಮಾತ್ರ ಓರೆಯೊಳಗೇ ಸೇರಿಕೊಂಡು ಕೂರುತ್ತದೆ. ಇಷ್ಟೆಲ್ಲ ಇದ್ದೂ ಬಹುತೇಕ ರೆಕಾರ್ಡುಗಳಲ್ಲಿ ಉತ್ತರ ಕರಾರುವಾಕ್ಕಾಗಿ 9.8 ಇರುವುದು ನಮ್ಮ ಲ್ಯಾಬುಗಳ ಪವಾಡ. ಬೆಂಗಳೂರಿನಲ್ಲಿ ಅದು 9.78ರ ಆಸುಪಾಸು. 1672ರಲ್ಲಿ ಪ್ಯಾರಿಸ್‌ನಿಂದ ದಕ್ಷಿಣ ಅಮೆರಿಕದ ಕೇಯೆನ್‌ಗೆ ಹೋದ ಜಾನ್ ರಿಷೆ, ತನ್ನ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳುವುದನ್ನು ಕಂಡ. ಲೋಲಕವನ್ನು ಸುಮಾರು ಮೂರು ಮಿಲಿಮೀಟರಿನಷ್ಟು ಗಿಡ್ಡ ಮಾಡಬೇಕಾಯಿತು. ಅವನು ಊರಿನಿಂದಲೇ ಉತ್ತರ ಬರೆದುಕೊಂಡು ಹೋಗಿದ್ದರೆ ಭೂಮಧ್ಯರೇಖೆಯ ಹತ್ತಿರ ಗುರುತ್ವ ಕಡಿಮೆ ಅನ್ನುವುದು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

ಇನ್ನು ಲೆಕ್ಕಗಳಿಗೆ ಬರೋಣ. ನನಗೆ ಅತಿ ಪ್ರಿಯವಾದದ್ದು ನೇತುಹಾಕಿದ ಸ್ಪ್ರಿಂಗಿನದು. ಸ್ಪ್ರಿಂಗಿಗೆ 200 ಗ್ರಾಂ ತೂಕ ಸಿಕ್ಕಿಸಿ ಮೆಲ್ಲಗೆ ಇಳಿಬಿಟ್ಟರೆ ಅದು 5 ಸೆಂಟಿಮೀಟರ್ ಹಿಗ್ಗಿ ನಿಲ್ಲುತ್ತದೆ. ಈಗ ತೂಕವನ್ನು ಮತ್ತೆ ಮೇಲಕ್ಕೆತ್ತಿ, ಸ್ಪ್ರಿಂಗ್ ಒಂದಿಷ್ಟೂ ಹಿಗ್ಗದ ಜಾಗದಲ್ಲಿ ಹಿಡಿದು ಥಟ್ಟನೆ ಕೈಬಿಟ್ಟರೆ ಎಲ್ಲಿಯವರೆಗೆ ಇಳಿದೀತು? ತರಗತಿಯ ಮುಕ್ಕಾಲು ಪಾಲು "5 ಸೆಂಟಿಮೀಟರ್" ಅನ್ನುತ್ತದೆ. ತೂಕಕ್ಕೂ ಸ್ಪ್ರಿಂಗಿನ ಸೆಳೆತಕ್ಕೂ ಸಮ ಹಾಕಿದರೆ ಅಷ್ಟೇ ಬರುತ್ತದಲ್ಲ! ಆದರೆ ಆ ಜಾಗದಲ್ಲಿ ತೂಕ ನಿಂತಿರುವುದಿಲ್ಲ, ಅದರ ಪರಮಾವಧಿ ವೇಗ ಇರುವುದೇ ಅಲ್ಲಿ. ನಾನು ಬೋರ್ಡಿನ ಮೇಲೆ ಬರೀ ಒಂದು ಅಡ್ಡಗೆರೆ ಎಳೆದು, ಸ್ಪ್ರಿಂಗ್ 5 ಸೆಂಟಿಮೀಟರ್ ಹಿಗ್ಗಿರುವ ಆ ಜಾಗವೇ ಸೊನ್ನೆ ಅನ್ನುತ್ತೇನೆ. ಕೈಬಿಟ್ಟದ್ದು ಅದರ ಮೇಲೆ 5 ಸೆಂಟಿಮೀಟರಿನಲ್ಲಿ, ಹಾಗಾಗಿ ಆಂಪ್ಲಿಟ್ಯೂಡ್ 5, ಕೆಳಗೂ ಅಷ್ಟೇ ಹೋಗಬೇಕು. ಒಟ್ಟು ಇಳಿತ 10. ಶಕ್ತಿಯ ಸಮೀಕರಣ ಹಾಕಿ ನೋಡಿದವರಿಗೂ 10 ಬಂದೇ ಬರುತ್ತದೆ.

ಇಲ್ಲಿ ಚುರುಕಾದವರೊಬ್ಬರು ಕೇಳುತ್ತಾರೆ, "ಸರ್, ಗುರುತ್ವ ಎಲ್ಲಿ ಹೋಯ್ತು?" ಒಳ್ಳೆಯ ಪ್ರಶ್ನೆ. ಅದು ಎಲ್ಲಿಗೂ ಹೋಗಿಲ್ಲ, ಸೊನ್ನೆಯನ್ನು 5 ಸೆಂಟಿಮೀಟರ್ ಕೆಳಕ್ಕೆ ಸರಿಸುವುದರಲ್ಲಿ ಅದರ ಕೆಲಸ ಮುಗಿದಿದೆ. ಆ ಸೊನ್ನೆಯಿಂದ ಅಳೆಯಲು ಶುರುಮಾಡಿದ ಮೇಲೂ ಗುರುತ್ವದ ವಿಭವ ಶಕ್ತಿಯನ್ನು ಬೇರೆಯಾಗಿ ಸೇರಿಸುವವರಿದ್ದಾರೆ. ನಾನು ತಿದ್ದಿದ ಪೇಪರುಗಳಲ್ಲಿ ಅಂಕ ಸೋರಿದ್ದೆಲ್ಲ ಹೆಚ್ಚಾಗಿ ಈ ತೂತಿನಲ್ಲೇ.

ಇನ್ನೊಂದು ಸೊಗಸಿದೆ. ಈ ಸ್ಪ್ರಿಂಗಿನ ಆವರ್ತ ಕಾಲಕ್ಕೆ 200 ಗ್ರಾಂ ಅನ್ನುವುದೇ ಬೇಕಿಲ್ಲ. 5 ಸೆಂಟಿಮೀಟರನ್ನು ಜಿಯಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈಯಿಂದ ಗುಣಿಸಿದರೆ 0.45 ಸೆಕೆಂಡ್. ನೀರಿನಲ್ಲಿ ನೆಟ್ಟಗೆ ತೇಲುವ ಮರದ ಸಿಲಿಂಡರ್ 5 ಸೆಂಟಿಮೀಟರ್ ಮುಳುಗಿದ್ದರೆ ಅದನ್ನು ಒತ್ತಿ ಬಿಟ್ಟಾಗಲೂ ಲೆಕ್ಕದ ಪ್ರಕಾರ 0.45. ಯು ನಳಿಕೆಯಲ್ಲಿ ದ್ರವದ ಒಟ್ಟು ಉದ್ದ 10 ಸೆಂಟಿಮೀಟರ್ ಇದ್ದರೂ 0.45, 5 ಸೆಂಟಿಮೀಟರಿನ ಪುಟ್ಟ ಲೋಲಕಕ್ಕೂ 0.45. (ಸಿಲಿಂಡರ್ ನಿಜವಾಗಿ ತುಸು ನಿಧಾನ, ಸುತ್ತಲ ನೀರನ್ನೂ ಎಳೆದುಕೊಂಡು ಆಡಬೇಕಲ್ಲ.) ನಾಲ್ಕು ಸೂತ್ರ ಬಾಯಿಪಾಠ ಮಾಡಿದವರಿಗೆ ಇವು ನಾಲ್ಕು ಬೇರೆ ಬೇರೆ ಲೆಕ್ಕ. ಸೊನ್ನೆ ಗುರುತಿಸಿ, ಅಲ್ಲಿಂದ ಚೂರು ಸರಿಸಿ, ವಾಪಸ್ ಎಳೆಯುವ ಬಲ ಎಷ್ಟು ಅಂತ ಬರೆದವರಿಗೆ ನಾಲ್ಕೂ ಒಂದೇ ಲೆಕ್ಕ, ಅದೂ ಎರಡು ಸಾಲಿನದು.

ಜಾಗದ ಸೊನ್ನೆ ಕೈಹಿಡಿದ ಮೇಲೂ ಕಾಲದ ಸೊನ್ನೆ ಕಾಡುತ್ತದೆ. ಸೈನ್ ಹಾಕಬೇಕೋ ಕೊಸೈನ್ ಹಾಕಬೇಕೋ ಅನ್ನುವ ಜಗಳ ಪ್ರತಿ ವರ್ಷ ತಪ್ಪಿದ್ದಲ್ಲ. ವಾಚ್ ಒತ್ತಿದಾಗ ಕಣ ನಡುವಿನಿಂದ ಹೊರಟಿದ್ದರೆ ಸೈನ್ ಸಲೀಸು, ತುದಿಯಿಂದ ಹೊರಟಿದ್ದರೆ ಕೊಸೈನ್. ಅಷ್ಟರ ಮೇಲೆ ಅದಕ್ಕೆ ಮಹತ್ವವಿಲ್ಲ. ನಿಜವಾದ ಗುಂಡಿ ಇರುವುದು ಮುಂದೆ: ನಡುವಿನಿಂದ ತುದಿಗೆ ಹೋಗಲು ಆವರ್ತ ಕಾಲದ ಕಾಲು ಭಾಗ ಬೇಕು, ಹಾಗಾದರೆ ಅರ್ಧ ದಾರಿಗೆ? "ಎಂಟನೇ ಒಂದು ಭಾಗ" ಅಂತ ಬಾಯಿಗೆ ಬಂದುಬಿಡುತ್ತದೆ. ಪಕ್ಕದಲ್ಲೊಂದು ವೃತ್ತ ಬರೆದು ಕಣದ ಜೊತೆಗೇ ಒಂದು ಬಿಂದುವನ್ನು ಸಮವೇಗದಲ್ಲಿ ಸುತ್ತಿಸಿದರೆ ಆ ಬಿಂದು ಮೊದಲ ಅರ್ಧಕ್ಕೆ 30 ಡಿಗ್ರಿ, ಉಳಿದ ಅರ್ಧಕ್ಕೆ 60 ಡಿಗ್ರಿ ತಿರುಗುವುದು ಕಾಣುತ್ತದೆ. ಅಂದರೆ ಹನ್ನೆರಡನೇ ಒಂದು ಭಾಗ, ಆಮೇಲೆ ಆರನೇ ಒಂದು ಭಾಗ. ತುದಿಯ ಹತ್ತಿರ ಕಣ ತಡಮಾಡುತ್ತದೆ ಎಂದು ಬಾಯಲ್ಲಿ ಎಷ್ಟು ಹೇಳಿದರೂ ಇಳಿಯದ್ದು ಈ ಚಿತ್ರದಿಂದ ಇಳಿಯುತ್ತದೆ.

ಫೇಸ್ ಕೋನ ಕಂಡುಹಿಡಿಯುವಲ್ಲಿ ಇನ್ನೊಂದು ಮೋಸ. ಆರಂಭದಲ್ಲಿ ಕಣ ಅರ್ಧ ಆಂಪ್ಲಿಟ್ಯೂಡಿನಲ್ಲಿದ್ದು ನಡುವಿನ ಕಡೆಗೆ ಹೊರಟಿದೆ ಅನ್ನೋಣ. ಸೈನ್ ಬೆಲೆ ಅರ್ಧ, ಆದ್ದರಿಂದ 30 ಡಿಗ್ರಿ ಅಂತ ಬರೆದು ಮುಂದೆ ಹೋಗುತ್ತಾರೆ. 150 ಡಿಗ್ರಿಯ ಸೈನ್ ಕೂಡ ಅರ್ಧವೇ. ಯಾವುದು ಸರಿ ಅಂತ ಹೇಳುವುದು ವೇಗದ ಚಿಹ್ನೆ: ಹಿಂದಕ್ಕೆ ಹೊರಟಿರುವುದರಿಂದ ವೇಗ ಋಣ, ಕೊಸೈನ್ ಋಣ, ಉತ್ತರ 150. ಸಿಇಟಿಯ ಮಾದರಿಯ ಪ್ರಶ್ನೆಯಲ್ಲಿ ಎರಡೂ ಆಯ್ಕೆಗಳಲ್ಲಿ ಕೂತಿರುತ್ತವೆ. 80 ನಿಮಿಷಕ್ಕೆ 60 ಪ್ರಶ್ನೆ ಬಿಡಿಸಬೇಕಾದವರು ಮೊದಲು ಕಂಡದ್ದಕ್ಕೆ ಗುರುತು ಹಾಕುತ್ತಾರೆ, ಅವರನ್ನು ಬೈದು ಫಲವಿಲ್ಲ. ವೃತ್ತದ ಚಿತ್ರಕ್ಕೆ ಹತ್ತು ಸೆಕೆಂಡ್ ಕೊಡಿ ಅಂತಷ್ಟೇ ನಾನು ಹೇಳುವುದು.

ಲಿಫ್ಟಿನ ಲೆಕ್ಕ ಕೊಟ್ಟರೆ ಯಾರಿಗೆ ವಿಷಯ ದಕ್ಕಿದೆ ಅನ್ನುವುದು ಗೊತ್ತಾಗುತ್ತದೆ. ವೇಗೋತ್ಕರ್ಷದಿಂದ ಮೇಲೇರುವ ಲಿಫ್ಟಿನಲ್ಲಿ ಲೋಲಕದ ಆವರ್ತ ಕಾಲ ಕಡಿಮೆಯಾಗುತ್ತದೆ, ಸ್ಪ್ರಿಂಗಿನದು ಹಾಗೇ ಇರುತ್ತದೆ, ಅದರ ಸೊನ್ನೆ ಮಾತ್ರ ಇನ್ನಷ್ಟು ಕೆಳಕ್ಕಿಳಿಯುತ್ತದೆ. ಅಲ್ಲಾಡದೆ ನೇತಾಡುತ್ತಿದ್ದ ತೂಕ, ಲಿಫ್ಟ್ ಏಕಾಏಕಿ ಹೊರಟೊಡನೆ ಹೊಸ ಸೊನ್ನೆಗಿಂತ ಮೇಲೆ ಸಿಕ್ಕಿಕೊಂಡಂತಾಗಿ ತಾನೇ ಆಡತೊಡಗುತ್ತದೆ. ಯಾರೂ ಮುಟ್ಟಿಲ್ಲ, ಒತ್ತಿಲ್ಲ!

ಈ ಉಪಾಯದ ರುಚಿ ಹತ್ತಿದ ಮೇಲೆ ಮಕ್ಕಳು ಎಲ್ಲದಕ್ಕೂ ಅದನ್ನೇ ಹಚ್ಚಲು ಹೋಗುತ್ತಾರೆ. ಆಗ ನೆಲದ ಮೇಲೆ ಪುಟಿಯುವ ಚೆಂಡಿನ ಲೆಕ್ಕ ಕೊಡುತ್ತೇನೆ: 1.25 ಮೀಟರ್ ಎತ್ತರದಿಂದ ಬಿಟ್ಟ ಚೆಂಡು ಅಷ್ಟೇ ಎತ್ತರಕ್ಕೆ ಪುಟಿದು ಬರುತ್ತಿದೆ, ಜಿ 10 ಅಂತ ಇಟ್ಟುಕೊಂಡು ಆವರ್ತ ಕಾಲ ಹೇಳಿ. ಚಲನೆ ಆವರ್ತಿಸುತ್ತದೆ, ನಿಜ. ಆದರೆ ಚೆಂಡು ಮೇಲಿರುವಷ್ಟು ಹೊತ್ತೂ ಅದನ್ನು ಎಳೆಯುವ ಬಲ ಒಂದೇ ಸಮ, ದೂರ ಸರಿದಷ್ಟೂ ಹೆಚ್ಚುವ ಬಲ ಅಲ್ಲಿಲ್ಲ. ಎರಡು ಪೈ ಬರೆದುಕೊಂಡು ಕೂತವರು ಕೂತೇ ಇರುತ್ತಾರೆ. ಬೀಳಲು ಅರ್ಧ ಸೆಕೆಂಡ್, ಏರಲು ಅರ್ಧ ಸೆಕೆಂಡ್, ಒಟ್ಟು ಒಂದು. ಒಂಬತ್ತನೇ ತರಗತಿಯ ಸಮೀಕರಣ ಸಾಕು.